ಶ್ವಾಸಕೋಶದ ಕಾವಲಿನಲ್ಲಿ ಪ್ಲೇಟ್‌ಲೆಟ್‌ಗಳು



ವೈದ್ಯವಿಜ್ಞಾನದ ಹೊಸ ತಿಳಿವಳಿಕೆಯನ್ನು ಕನ್ನಡದಲ್ಲಿ, ಎಲ್ಲರಿಗೂ ಎಟುಕುವ ಹಾಗೆ ಹೇಳಿಸಬೇಕು ಎಂಬುದು ಈ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಆಶಯ. ಅದಕ್ಕೆ ತಕ್ಕುದೆಂದು ನಾನು ಆರಿಸಿಕೊಂಡ ವಿಷಯ ಇದು: ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಸೋಂಕು ತಂದಾಗ ರಕ್ತದ ಪ್ಲೇಟ್‌ಲೆಟ್‌ಗಳು ನಮ್ಮನ್ನು ಕಾಯುವ ಬಗೆ.

ಪ್ಲೇಟ್‌ಲೆಟ್ ಎಂಬ ಮಾತು ನಮ್ಮ ಜನಕ್ಕೆ ಹೊಸದಲ್ಲ. ಮಳೆಗಾಲದಲ್ಲಿ ಡೆಂಗಿ ಹಬ್ಬಿತೆಂದರೆ ಹಳ್ಳಿಯ ಕಟ್ಟೆಯ ಮೇಲೂ ‘ಕೌಂಟ್ ಎಷ್ಟಿದೆ’ ಎಂಬ ಪ್ರಶ್ನೆ ಕೇಳಿಬರುತ್ತದೆ. ಕೌಂಟ್ ಇಳಿದರೆ ರಕ್ತ ಸೋರುತ್ತದೆ, ಏರಿದರೆ ಜೀವ ಉಳಿಯುತ್ತದೆ ಎಂಬಷ್ಟು ತಿಳಿವಳಿಕೆ ಎಲ್ಲ ಮನೆಗಳಲ್ಲೂ ಇದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಅರ್ಧ ಮಾತ್ರ. ಗಾಯಕ್ಕೆ ಮುಚ್ಚಳವಾಗುವ ಈ ಪುಟ್ಟ ಕೋಶ ರೋಗಾಣುಗಳ ವಿರುದ್ಧದ ಹೋರಾಟದಲ್ಲೂ ಮೊದಲ ಸಾಲಿನಲ್ಲಿರುತ್ತದೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಶ್ವಾಸಕೋಶದ ಮಟ್ಟಿಗೆ ರಕ್ತ ಸೋರದಂತೆ ತಡೆಯುವುದು ಮತ್ತು ರೋಗಾಣು ದಾಟದಂತೆ ತಡೆಯುವುದು ಎರಡು ಬೇರೆ ಕೆಲಸಗಳಲ್ಲ. ಇವತ್ತಿನ ಉಪನ್ಯಾಸದಲ್ಲಿ ನಾನು ತೋರಿಸಲು ಹೊರಟಿರುವುದು ಇಷ್ಟನ್ನೇ.

ಮೊದಲು, ಈ ಸಂಗತಿ ನೂರು ವರ್ಷಕ್ಕೂ ಮೀರಿ ಏಕೆ ಮರೆಯಲ್ಲಿ ಉಳಿಯಿತು ಎಂಬುದನ್ನು ಚುಟುಕಾಗಿ ನೋಡೋಣ. ಆಮೇಲೆ ಶ್ವಾಸಕೋಶಕ್ಕೂ ಪ್ಲೇಟ್‌ಲೆಟ್‌ಗೂ ಇರುವ ವಿಶೇಷ ನಂಟು. ಅನಂತರ ಬ್ಯಾಕ್ಟೀರಿಯಾ ಒಳನುಗ್ಗಿದಾಗ ನಡೆಯುವುದೇನು ಎಂಬುದು. ಹೆಚ್ಚು ಸಮಯವನ್ನು ಅದಕ್ಕೇ ಇಟ್ಟುಕೊಂಡಿದ್ದೇನೆ. ಕೊನೆಯಲ್ಲಿ, ಈ ಕಾವಲು ಕೈಮೀರಿದಾಗ ಆಗುವ ಕೆಡುಕು ಮತ್ತು ಚಿಕಿತ್ಸೆಯ ಮಾತು.

ಇತಿಹಾಸದಿಂದ ಆರಂಭಿಸುತ್ತೇನೆ. 1865ರಲ್ಲಿ ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ ರಕ್ತದಲ್ಲಿ ಕೆಂಪು ಕಣಗಳಿಗಿಂತ ತೀರಾ ಚಿಕ್ಕದಾದ ಗುಂಡುಗಳ ಗೊಂಚಲನ್ನು ವರ್ಣಿಸಿದ್ದರು. ಮುಂದೆ ವೈದ್ಯಲೋಕದ ದೊಡ್ಡ ಗುರುವೆನಿಸಿದ ವಿಲಿಯಂ ಆಸ್ಲರ್ ಆಗಿನ್ನೂ ಯುವಕ. ಲಂಡನ್ನಿನ ಪ್ರಯೋಗಾಲಯದಲ್ಲಿ ಅವರೂ ಇವನ್ನು ಕಂಡರು. 1874ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶೀರ್ಷಿಕೆಯಲ್ಲಿ ಇವನ್ನು ರಕ್ತದ್ರವದಲ್ಲಿ ಕಾಣಸಿಗುವ ‘ಜೀವಿಗಳು’ ಎಂದೇ ಕರೆದಿದ್ದಾರೆ. ಇವಕ್ಕೂ ಬ್ಯಾಕ್ಟೀರಿಯಾಗಳಿಗೂ ಏನಾದರೂ ಸಂಬಂಧವಿದೆಯೇ ಎಂಬ ಪ್ರಶ್ನೆ ಅವರನ್ನು ಕಾಡಿತ್ತು. ಅವರು ಊಹಿಸಿದ ಸಂಬಂಧ ನಿಜವಾಗಲಿಲ್ಲ, ಆದರೆ ಬೇರೊಂದು ಬಗೆಯ ಸಂಬಂಧ ಇದ್ದೇ ಇತ್ತು. ನ್ಯುಮೋನಿಯಾದ ಬಗ್ಗೆ ಅಷ್ಟೊಂದು ಬರೆದ ಆಸ್ಲರ್ 1919ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಶ್ವಾಸಕೋಶದ ಸೋಂಕಿನಿಂದಲೇ.

ಪ್ಲೇಟ್‌ಲೆಟ್ ಒಂದು ಪ್ರತ್ಯೇಕ ರಕ್ತಕಣ, ಗಾಯವಾದ ನಾಳಕ್ಕೆ ಮೊದಲು ಅಂಟಿಕೊಳ್ಳುವುದು ಅದೇ ಎಂದು ಖಚಿತವಾಗಿ ತೋರಿಸಿಕೊಟ್ಟವರು ಇಟಲಿಯ ಟ್ಯೂರಿನ್ ನಗರದ ಜೂಲಿಯೋ ಬಿಜ್ಜೊಜೆರೋ. ಜೀವಂತ ಗಿನಿಪಿಗ್‌ನ ಕರುಳಪೊರೆಯ ಸಣ್ಣ ನಾಳಗಳಲ್ಲಿ ರಕ್ತ ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಅವರು ಇದನ್ನು ಗುರುತಿಸಿದರು. 1881-82ರಲ್ಲಿ ಅವರ ವರದಿಗಳು ಹೊರಬಂದವು. ಆ ಎರಡು ವರ್ಷಗಳಲ್ಲಿ ಬೇರೆ ಏನೇನು ನಡೆಯಿತು ನೋಡಿ. 1881ರಲ್ಲಿ ಫ್ರಾನ್ಸಿನ ಪಾಶ್ಚರ್ ಮತ್ತು ಅಮೆರಿಕದ ಸ್ಟರ್ನ್‌ಬರ್ಗ್, ಒಬ್ಬರಿಗೊಬ್ಬರು ತಿಳಿಯದೆ, ಇಂದು ನ್ಯುಮೊಕಾಕಸ್ ಎಂದು ಕರೆಯುವ ಬ್ಯಾಕ್ಟೀರಿಯಾವನ್ನು ವರ್ಣಿಸಿದರು. 1882ರಲ್ಲಿ ಜರ್ಮನಿಯ ಫ್ರೀಡ್‌ಲ್ಯಾಂಡರ್ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಈಗಿನ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಯನ್ನು ಕಂಡರು. ಅದೇ 1882ರಲ್ಲಿ ಇಟಲಿಯದೇ ಮೆಸ್ಸಿನಾ ಊರಿನಲ್ಲಿ ಮೆಚ್ನಿಕಾಫ್, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅಲೆದಾಡುವ ಕೋಶಗಳು ಅದನ್ನು ಮುತ್ತಿಕೊಳ್ಳುವುದನ್ನು ನೋಡಿ, ರೋಗಾಣುಗಳನ್ನು ನುಂಗುವ ಕೋಶಗಳ ಸಿದ್ಧಾಂತವನ್ನು ಕಟ್ಟಿದರು.

ಪ್ಲೇಟ್‌ಲೆಟ್, ನ್ಯುಮೋನಿಯಾದ ಎರಡು ಮುಖ್ಯ ಬ್ಯಾಕ್ಟೀರಿಯಾಗಳು, ಕೋಶಗಳಿಂದ ನಡೆಯುವ ರೋಗನಿರೋಧ, ಇಷ್ಟೂ ಒಂದೇ ಕಾಲದಲ್ಲಿ ಬೆಳಕಿಗೆ ಬಂದವು. ಆದರೂ ಅವು ಬೇರೆ ಬೇರೆ ದಾರಿ ಹಿಡಿದವು. ಬಿಜ್ಜೊಜೆರೋ ಅವರ ಕಣ ರಕ್ತಶಾಸ್ತ್ರಜ್ಞರ ಪಾಲಾಯಿತು, ಮೆಚ್ನಿಕಾಫ್ ಅವರ ಕೋಶ ರೋಗನಿರೋಧ ಶಾಸ್ತ್ರದವರ ಪಾಲಾಯಿತು. 1906ರಲ್ಲಿ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್, ಅಸ್ಥಿಮಜ್ಜೆಯ ದೈತ್ಯ ಕೋಶವಾದ ಮೆಗಾಕ್ಯಾರಿಯೋಸೈಟ್‌ನ ಚೂರುಗಳೇ ಪ್ಲೇಟ್‌ಲೆಟ್‌ಗಳು ಎಂದು ತಿಳಿಸಿದ ಮೇಲೆ ಈ ವಿಭಜನೆ ಇನ್ನೂ ಗಟ್ಟಿಯಾಯಿತು. ನ್ಯೂಕ್ಲಿಯಸ್ ಕೂಡ ಇಲ್ಲದ ಒಂದು ಚೂರು ರೋಗಾಣುವನ್ನು ಗುರುತಿಸೀತೇ, ತಾನಾಗಿ ನಡೆದಾಡೀತೇ ಎಂದು ಕೇಳುವವರೇ ಇರಲಿಲ್ಲ. ಇಂದಿಗೂ ನಮ್ಮ ವಿದ್ಯಾರ್ಥಿಗಳು ಪ್ಲೇಟ್‌ಲೆಟ್ ಅನ್ನು ಒಂದು ಅಧ್ಯಾಯದಲ್ಲೂ ಸೋಂಕನ್ನು ಇನ್ನೊಂದು ಅಧ್ಯಾಯದಲ್ಲೂ ಓದುತ್ತಾರೆ. ಪಠ್ಯಕ್ರಮದ ಈ ಗೋಡೆ ಒಡೆಯಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ.

ಪ್ರಕೃತಿಯಲ್ಲಿ ಈ ಗೋಡೆ ಇಲ್ಲ ಎನ್ನುವುದಕ್ಕೆ ಒಂದು ಜೀವಿಯೇ ಸಾಕ್ಷಿ. ಹಾರ್ಸ್‌ಶೂ ಏಡಿ ಎಂದು ಕರೆಸಿಕೊಳ್ಳುವ, ನಿಜಕ್ಕೂ ಏಡಿಗಿಂತ ಚೇಳು ಜೇಡಗಳ ಹತ್ತಿರದ ನೆಂಟನಾದ ಪ್ರಾಣಿ ನಮ್ಮ ಒಡಿಶಾ ಕರಾವಳಿಯಲ್ಲೂ ಸಿಗುತ್ತದೆ. ಅದರ ರಕ್ತದಲ್ಲಿರುವುದು ಬಹುಮಟ್ಟಿಗೆ ಒಂದೇ ಬಗೆಯ ಕೋಶ. ಗಾಯವಾದರೆ ಹೆಪ್ಪುಗಟ್ಟಿಸುವುದೂ ಅದೇ, ಬ್ಯಾಕ್ಟೀರಿಯಾ ಬಂದರೆ ಎದುರಿಸುವುದೂ ಅದೇ. 1956ರಲ್ಲಿ ಅಮೆರಿಕದ ಫ್ರೆಡರಿಕ್ ಬ್ಯಾಂಗ್, ಈ ಪ್ರಾಣಿಯ ದೇಹಕ್ಕೆ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಹೊಕ್ಕರೆ ರಕ್ತವೆಲ್ಲ ಗಟ್ಟಿಯಾಗುತ್ತದೆ ಎಂದು ವರದಿ ಮಾಡಿದರು. ಚುಚ್ಚುಮದ್ದುಗಳಲ್ಲಿ ಬ್ಯಾಕ್ಟೀರಿಯಾದ ವಿಷಾಂಶ ಉಳಿದಿದೆಯೇ ಎಂದು ನೋಡಲು ಜಗತ್ತಿನಾದ್ಯಂತ ಬಳಸಿದ ಪರೀಕ್ಷೆ ಹುಟ್ಟಿದ್ದು ಈ ತಿಳಿವಿನಿಂದ. ಮೀನು, ಹಕ್ಕಿಗಳಲ್ಲಿ ಈ ಕೆಲಸಕ್ಕೆ ನ್ಯೂಕ್ಲಿಯಸ್ ಇರುವ ಪೂರ್ಣ ಕೋಶಗಳಿವೆ. ನ್ಯೂಕ್ಲಿಯಸ್ ಬಿಟ್ಟ ಚೂರುಗಳನ್ನು ರಕ್ತಕ್ಕೆ ಬಿಡುವ ಏರ್ಪಾಡು ಇರುವುದು ನಮ್ಮಂಥ ಸಸ್ತನಿಗಳಲ್ಲಿ. ಕೋಶದ ರೂಪ ಬದಲಾಯಿತು, ಹಳೆಯ ಎರಡು ಹೊಣೆಗಳು ಉಳಿದವು.

ಈಗ ಶ್ವಾಸಕೋಶದ ಕಡೆಗೆ ಬರೋಣ.

ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತೇವೆ. ಅದು ತಲಪುವುದು 30ರಿಂದ 50 ಕೋಟಿಯಷ್ಟಿರುವ ಪುಟ್ಟ ಗಾಳಿಗೂಡುಗಳನ್ನು. ಅವನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್ ಹರವು. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಹಲವೆಡೆ ಒಂದು ಮೈಕ್ರೋಮೀಟರಿಗಿಂತ ತೆಳು. ಆಮ್ಲಜನಕ ದಾಟಬೇಕಾದರೆ ಪೊರೆ ತೆಳುವಾಗಿರಬೇಕು, ತೆಳುವಾಗಿದ್ದರೆ ಬೇಗ ಹರಿಯುತ್ತದೆ. ಹೊರಗಿನ ಗಾಳಿಗೆ ಇಷ್ಟು ತೆರೆದುಕೊಂಡ, ಇಷ್ಟು ನಾಜೂಕಾದ ಗಡಿ ದೇಹದಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೂ ಎರಡು ಕೆಡುಕುಗಳು ಒಟ್ಟಿಗೇ ಆಗುತ್ತವೆ. ರಕ್ತ ಗಾಳಿಗೂಡಿಗೆ ಇಳಿಯುತ್ತದೆ, ಗಾಳಿಗೂಡಿನ ಬ್ಯಾಕ್ಟೀರಿಯಾ ರಕ್ತಕ್ಕೆ ಏರುತ್ತದೆ. ಕೆಮ್ಮಿದಾಗ ತುಕ್ಕು ಬಣ್ಣದ ಕಫ ಬರುವುದು ನ್ಯುಮೊಕಾಕಸ್ ನ್ಯುಮೋನಿಯಾದ ಹಳೆಯ ಗುರುತು ಎಂದು ವಿದ್ಯಾರ್ಥಿಗಳು ಓದಿರುತ್ತೀರಿ. ಆ ಬಣ್ಣ ಗಾಳಿಗೂಡಿಗೆ ಸೋರಿದ ಕೆಂಪು ರಕ್ತಕಣಗಳದ್ದು.

ಹೃದಯದ ಬಲಭಾಗದಿಂದ ಹೊರಟ ರಕ್ತವೆಲ್ಲ, ವಿರಾಮದ ಸ್ಥಿತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್, ಈ ಪೊರೆಯ ಹಿಂದಿನ ಲೋಮನಾಳಗಳನ್ನು ದಾಟಿಯೇ ಮುಂದೆ ಹೋಗಬೇಕು. ಹಾಗಾಗಿ ದೇಹದ ಪ್ರತಿಯೊಂದು ಪ್ಲೇಟ್‌ಲೆಟ್ ಮತ್ತೆ ಮತ್ತೆ ಶ್ವಾಸಕೋಶದ ಮೂಲಕ ಹಾಯುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷ. ಅಗಲ 2-3 ಮೈಕ್ರೋಮೀಟರ್, ಆಯುಷ್ಯ 7ರಿಂದ 10 ದಿನ. ಹಳತು ಅಳಿದಂತೆ ಹೊಸತು ತುಂಬಬೇಕಾದ್ದರಿಂದ ದೇಹ ದಿನಕ್ಕೆ ಸುಮಾರು 10,000 ಕೋಟಿ ಪ್ಲೇಟ್‌ಲೆಟ್‌ಗಳನ್ನು ತಯಾರಿಸುತ್ತದೆ.

ತಯಾರಿಸುವುದೆಲ್ಲಿ? ಅಸ್ಥಿಮಜ್ಜೆಯಲ್ಲಿ ಎಂಬುದು ಪುಸ್ತಕದ ಉತ್ತರ. ಶ್ವಾಸಕೋಶದಲ್ಲೂ ಮೆಗಾಕ್ಯಾರಿಯೋಸೈಟ್‌ಗಳಿವೆ ಎಂದು 1893ರಲ್ಲೇ ಆಶಾಫ್ ಎಂಬ ಜರ್ಮನ್ ರೋಗಶಾಸ್ತ್ರಜ್ಞ ಬರೆದಿದ್ದರು. ಪ್ಲೇಟ್‌ಲೆಟ್‌ಗಳು ಅಲ್ಲೇ ಉದುರುತ್ತಿರಬಹುದು ಎಂದು 1937ರಲ್ಲಿ ಹೊವೆಲ್ ಮತ್ತು ಡೊನಹ್ಯೂ ಸೂಚಿಸಿದ್ದರು. ಅದು ಬಹುಕಾಲ ಮೂಲೆಗೆ ಬಿದ್ದಿತ್ತು. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಲೂನಿ ಅವರ ತಂಡ, ಉಸಿರಾಡುತ್ತಿರುವ ಇಲಿಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ದೈತ್ಯ ಕೋಶಗಳು ಲೋಮನಾಳದಲ್ಲಿ ಸಿಕ್ಕಿಕೊಂಡು ಪ್ಲೇಟ್‌ಲೆಟ್‌ಗಳನ್ನು ಉದುರಿಸುವುದನ್ನು ಕಣ್ಣಾರೆ ಕಂಡಿತು. ಇಲಿಯ ಶ್ವಾಸಕೋಶ ಗಂಟೆಗೆ ಒಂದು ಕೋಟಿಯಷ್ಟು, ಅಂದರೆ ಒಟ್ಟು ಉತ್ಪತ್ತಿಯ ಅರ್ಧದಷ್ಟು ಪ್ಲೇಟ್‌ಲೆಟ್‌ಗಳನ್ನು ಕೊಡುತ್ತದೆ ಎಂಬುದು ಅವರ ಲೆಕ್ಕ. ಮನುಷ್ಯರಲ್ಲೂ ಪಾಲು ಇಷ್ಟೇ ದೊಡ್ಡದು ಎಂದು ಇದರಿಂದ ಹೇಳಲಾಗದು. ಆದರೆ ಶ್ವಾಸಕೋಶವನ್ನು ಪ್ಲೇಟ್‌ಲೆಟ್‌ಗಳ ಹಾದುಹೋಗುವ ದಾರಿ ಎಂದಷ್ಟೇ ನೋಡುವುದು ಇನ್ನು ಸಾಧ್ಯವಿಲ್ಲ.

ಇನ್ನು ಈ ಉಪನ್ಯಾಸದ ಮುಖ್ಯ ಭಾಗ. ಬ್ಯಾಕ್ಟೀರಿಯಾ ಗಾಳಿಗೂಡು ಸೇರಿತು ಎಂದಿಟ್ಟುಕೊಳ್ಳಿ. ಪ್ಲೇಟ್‌ಲೆಟ್‌ಗಳಿಲ್ಲದಿದ್ದರೆ ಏನಾಗುತ್ತದೆ?

ಈ ಪ್ರಶ್ನೆಗೆ ನೇರ ಉತ್ತರ ಬಂದದ್ದು 2014ರಲ್ಲಿ, ಆಮ್ಸ್ಟರ್‌ಡ್ಯಾಮಿನಿಂದ. ಅಲ್ಲಿನ ಸಂಶೋಧಕರು ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾವನ್ನು ಇಲಿಗಳ ಉಸಿರ್ದಾರಿಗೆ ಬಿಟ್ಟರು, ಪ್ಲೇಟ್‌ಲೆಟ್ ಸಂಖ್ಯೆಯನ್ನು ಪ್ರತಿಕಾಯಗಳ ಮೂಲಕ ಬೇರೆ ಬೇರೆ ಮಟ್ಟಕ್ಕೆ ಇಳಿಸಿದರು. ಸಂಖ್ಯೆ ಎಷ್ಟೆಷ್ಟು ಇಳಿಯಿತೋ ಬದುಕುಳಿಯುವ ಸಾಧ್ಯತೆಯೂ ಅಷ್ಟಷ್ಟೇ ಕುಗ್ಗಿತು. ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿತು, ರಕ್ತಕ್ಕೂ ಗುಲ್ಮಕ್ಕೂ ಹಬ್ಬಿತು, ಸೋಂಕು ತಗುಲಿದ ಜಾಗದಲ್ಲೇ ರಕ್ತಸ್ರಾವವೂ ಆಯಿತು. ಸೋಂಕಿಲ್ಲದ ಇಲಿಯಲ್ಲಿ ಪ್ಲೇಟ್‌ಲೆಟ್ ತೆಗೆದರೂ ಶ್ವಾಸಕೋಶ ತಾನಾಗಿ ಹೀಗೆ ಸೋರುವುದಿಲ್ಲ. ಉರಿಯೂತ ಇದ್ದಲ್ಲಿ ಮಾತ್ರ ಸೋರುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಪ್ಲೇಟ್‌ಲೆಟ್ ಮಾಡುವ ಮೊದಲ ಕೆಲಸ ಗುರುತಿಸುವುದು. ಅದರ ಮೈಮೇಲೆ ಟಿಎಲ್ಆರ್-4 ಎಂಬ ಗ್ರಾಹಕವಿದೆ. ಬಿಳಿ ರಕ್ತಕಣಗಳಲ್ಲಿ ಇರುವಂಥದ್ದೇ ಅದು, ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯ ವಿಷಾಂಶವನ್ನು ಹಿಡಿಯುತ್ತದೆ. ಮನುಷ್ಯರ ಪ್ಲೇಟ್‌ಲೆಟ್ ಮೇಲೆ ಪ್ರತಿಕಾಯಗಳ ಬಾಲವನ್ನು ಹಿಡಿಯುವ ಇನ್ನೊಂದು ಗ್ರಾಹಕವೂ ಇದೆ. ಪ್ರತಿಕಾಯ ಹೊದ್ದ ಬ್ಯಾಕ್ಟೀರಿಯಾ ಎದುರಾದರೆ ಪ್ಲೇಟ್‌ಲೆಟ್ ಅದಕ್ಕೆ ಸ್ಪಂದಿಸುತ್ತದೆ. ಈ ಎರಡನೆಯ ಗ್ರಾಹಕ ಇಲಿಗಳ ಪ್ಲೇಟ್‌ಲೆಟ್‌ನಲ್ಲಿ ಇಲ್ಲ. ನಮ್ಮ ತಿಳಿವಿನ ಬಹುಪಾಲು ಇಲಿಗಳಿಂದ ಬಂದದ್ದರಿಂದ, ಮನುಷ್ಯರ ಪ್ಲೇಟ್‌ಲೆಟ್‌ನ ಶಕ್ತಿಯನ್ನು ನಾವು ಕಡಿಮೆ ಅಂದಾಜಿಸುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ.

ಗುರುತಿಸಿದ ಮೇಲೆ ಸುದ್ದಿ ಮುಟ್ಟಿಸಬೇಕು. ಪ್ರತಿ ಪ್ಲೇಟ್‌ಲೆಟ್‌ನ ಒಳಗೆ 50ರಿಂದ 80 ಆಲ್ಫಾ ಚೀಲಗಳಿವೆ, ಅವುಗಳಲ್ಲಿ ನೂರಾರು ಬಗೆಯ ಪ್ರೋಟೀನುಗಳು ಮೊದಲೇ ಸಿದ್ಧವಾಗಿವೆ. ಕೆರಳಿದ ಕೂಡಲೇ ಚೀಲಗಳು ಹೊರಗೆ ತೆರೆದುಕೊಳ್ಳುತ್ತವೆ. ಚೀಲದ ಒಳಗೋಡೆಯಲ್ಲಿದ್ದ ಪಿ-ಸೆಲೆಕ್ಟಿನ್ ಎಂಬ ಅಣು ಆಗ ಪ್ಲೇಟ್‌ಲೆಟ್‌ನ ಹೊರಮೈಗೆ ಬರುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ಕಣವನ್ನು ಹಿಡಿದು ನಿಲ್ಲಿಸುತ್ತದೆ. 2014ರಲ್ಲಿ ಮ್ಯಾಡ್ರಿಡ್‌ನ ತಂಡವೊಂದು ಸ್ಪಷ್ಟಪಡಿಸಿದಂತೆ, ನಾಳದ ಗೋಡೆ ಹಿಡಿದು ನಿಂತ ನ್ಯೂಟ್ರೋಫಿಲ್ ರಕ್ತದ ಹರಿವಿಗೆ ಒಂದು ಚಾಚನ್ನು ಒಡ್ಡಿ, ಕೆರಳಿದ ಪ್ಲೇಟ್‌ಲೆಟ್ ಇದೆಯೇ ಎಂದು ತಡಕಾಡುತ್ತದೆ. ಸಿಕ್ಕರೆ ಮಾತ್ರ ಮುಂದಿನ ದಾಳಿಗೆ ಸಜ್ಜಾಗುತ್ತದೆ. ನ್ಯೂಟ್ರೋಫಿಲ್ ಸೈನಿಕ, ಪ್ಲೇಟ್‌ಲೆಟ್ ಆಳು ಎಂದು ನಾವು ತಿಳಿದಿದ್ದೆವು. ಆದರೆ ಇಲ್ಲಿ ಸೈನಿಕನಿಗೆ ಅಪ್ಪಣೆ ಕೊಡುವುದೇ ಪ್ಲೇಟ್‌ಲೆಟ್!

ಆ ದಾಳಿಯ ಒಂದು ರೂಪ ವಿಶೇಷವಾದದ್ದು. 2004ರಲ್ಲಿ ಬರ್ಲಿನ್ನಿನ ಬ್ರಿಂಕ್‌ಮನ್, ಜೈಕ್ಲಿನ್ಸ್ಕಿ ಮತ್ತು ಸಂಗಡಿಗರು, ನ್ಯೂಟ್ರೋಫಿಲ್ ತನ್ನದೇ ಡಿಎನ್‌ಎಯನ್ನು ಎಳೆಎಳೆಯಾಗಿ ಹೊರಗೆ ಚೆಲ್ಲಿ ಬ್ಯಾಕ್ಟೀರಿಯಾಗಳನ್ನು ಬಲೆಯಲ್ಲಿ ಸಿಕ್ಕಿಸುತ್ತದೆ ಎಂದು ಪ್ರಕಟಿಸಿದರು. ಬಲೆಯ ಎಳೆಗಳಿಗೆ ರೋಗಾಣು ಕೊಲ್ಲುವ ಪ್ರೋಟೀನುಗಳು ಅಂಟಿಕೊಂಡಿರುತ್ತವೆ. ಮೂರು ವರ್ಷಗಳ ನಂತರ ಕೆನಡಾದ ಕ್ಯಾಲ್ಗರಿಯ ಪಾಲ್ ಕ್ಯೂಬ್ಸ್ ಅವರ ತಂಡ ಇನ್ನೊಂದು ಸಂಗತಿ ಸೇರಿಸಿತು. ಬ್ಯಾಕ್ಟೀರಿಯಾದ ವಿಷಾಂಶವನ್ನು ಟಿಎಲ್ಆರ್-4 ಮೂಲಕ ಗುರುತಿಸಿದ ಪ್ಲೇಟ್‌ಲೆಟ್ ನ್ಯೂಟ್ರೋಫಿಲ್‌ಗೆ ಅಂಟಿದರೆ, ಗಂಟೆಗಟ್ಟಲೆ ಹಿಡಿಯುತ್ತಿದ್ದ ಬಲೆ ಹೆಣೆಯುವ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಅದು ಹೆಚ್ಚಾಗಿ ನಡೆಯುವ ಜಾಗಗಳು ಯಕೃತ್ತಿನ ಮತ್ತು ಶ್ವಾಸಕೋಶದ ಕಿರಿದಾದ ನಾಳಗಳು.

ಪ್ಲೇಟ್‌ಲೆಟ್ ನೇರವಾಗಿಯೂ ಬ್ಯಾಕ್ಟೀರಿಯಾದ ಮೇಲೆ ಕೈಮಾಡುತ್ತದೆ. ಚೀಲಗಳಿಂದ ಹೊರಬರುವ ಪ್ಲೇಟ್‌ಲೆಟ್ ಫ್ಯಾಕ್ಟರ್ 4 ಎಂಬ ಪ್ರೋಟೀನಿಗೆ ಧನ ವಿದ್ಯುದಂಶವಿದೆ, ಬ್ಯಾಕ್ಟೀರಿಯಾಗಳ ಹೊರಮೈಗೆ ಋಣ. ಎರಡೂ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದಾಗ ಪ್ರೋಟೀನಿನ ಆಕಾರ ತುಸು ಬದಲಾಗುತ್ತದೆ, ಆ ಬದಲಾದ ಆಕಾರವನ್ನು ಗುರುತಿಸುವ ಪ್ರತಿಕಾಯಗಳು ಬಂದು ಕೂರುತ್ತವೆ. ಬ್ಯಾಕ್ಟೀರಿಯಾದ ಜಾತಿ ಯಾವುದಾದರೂ ಸರಿ, ಅದೇ ಪ್ರತಿಕಾಯ ಸಾಕು. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ಆಂಡ್ರಿಯಾಸ್ ಗ್ರೈನಾಖರ್ ಅವರ ಬಳಗ ಇದನ್ನು ಬಿಡಿಸಿ ಹೇಳಿತು. ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಟ್ಟ ಕೆಲವು ರೋಗಿಗಳಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಕುಸಿದು, ವಿಚಿತ್ರವೆಂಬಂತೆ ನಾಳಗಳಲ್ಲಿ ರಕ್ತ ಗರಣೆಗಟ್ಟುವುದನ್ನು ವಾರ್ಡಿನಲ್ಲಿ ಕೆಲಸ ಮಾಡಿದವರು ಬಲ್ಲರು. ಹೆಪಾರಿನ್‌ಗೂ ಋಣ ವಿದ್ಯುದಂಶವೇ ಇರುವುದರಿಂದ ದೇಹ ಅದನ್ನು ಬ್ಯಾಕ್ಟೀರಿಯಾ ಎಂದೇ ಬಗೆಯುತ್ತದೆ. ಬಹಳ ಹಳೆಯ ಒಂದು ಕಾವಲು ಗುರಿತಪ್ಪಿ ನಮ್ಮ ಮೇಲೆಯೇ ತಿರುಗಿದ್ದು ಈ ಕಾಯಿಲೆ.

ಇಲ್ಲಿ ಒಂದು ಆಕ್ಷೇಪಣೆ ಎದುರಾಗುತ್ತದೆ, ಅದು ಸರಿಯಾದ ಆಕ್ಷೇಪಣೆ. ಪ್ಲೇಟ್‌ಲೆಟ್ ಇಷ್ಟು ಸಮರ್ಥವಾದರೆ ರಕ್ತನಿಧಿಯ ಪ್ಲೇಟ್‌ಲೆಟ್ ಚೀಲದಲ್ಲೇ ಬ್ಯಾಕ್ಟೀರಿಯಾ ಬೆಳೆಯುವುದೇಕೆ? ಆ ಚೀಲಗಳನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಾ ಇಡುತ್ತಾರೆ, ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಸೋಂಕಿನ ಭಯವೇ ಅದಕ್ಕೆ ಮುಖ್ಯ ಕಾರಣ. ಇದರಿಂದ ನಾವು ಕಲಿಯಬೇಕಾದ್ದು, ಪ್ಲೇಟ್‌ಲೆಟ್ ಒಂಟಿಯಾಗಿ ದೊಡ್ಡ ಕೊಲೆಗಾರನಲ್ಲ ಎಂಬುದು. ಚೀಲದೊಳಗೆ ನ್ಯೂಟ್ರೋಫಿಲ್ ಇಲ್ಲ, ನಾಳದ ಗೋಡೆ ಇಲ್ಲ, ಉರಿಯೂತದ ಸುಳಿವಿಲ್ಲ. ಅದರ ಬಲವೆಲ್ಲ ಜೊತೆಗಾರರ ನಡುವೆ, ಸರಿಯಾದ ಜಾಗದಲ್ಲಿ ಇದ್ದಾಗ ಮಾತ್ರ.

ಸರಿಯಾದ ಜಾಗಕ್ಕೆ ಅದು ಹೋಗುವುದು ಹೇಗೆ? ರಕ್ತ ಕೊಂಡೊಯ್ದಲ್ಲಿ ಹೋಗುತ್ತದೆ, ಅಂಟಿದಲ್ಲಿ ನಿಲ್ಲುತ್ತದೆ ಎಂದು ಇತ್ತೀಚಿನವರೆಗೂ ನಂಬಿದ್ದೆವು. 2017ರಲ್ಲಿ ಮ್ಯೂನಿಕ್‌ನ ಸ್ಟೆಫೆನ್ ಮಾಸ್‌ಬರ್ಗ್ ಅವರ ತಂಡ ಈ ನಂಬಿಕೆಯನ್ನು ಮುರಿಯಿತು. ಗೋಡೆಗೆ ಅಂಟಿದ ಪ್ಲೇಟ್‌ಲೆಟ್ ತಾನಾಗಿ ತೆವಳುತ್ತದೆ. ತೆವಳುತ್ತಾ ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳನ್ನು ಎಳೆದು ತನ್ನ ಮೈಮೇಲೆ ಗುಡ್ಡೆಹಾಕಿಕೊಂಡು, ನ್ಯೂಟ್ರೋಫಿಲ್‌ಗಳಿಗೆ ಕಂತೆಕಂತೆಯಾಗಿ ಒಪ್ಪಿಸುತ್ತದೆ. ನ್ಯೂಕ್ಲಿಯಸ್ ಇಲ್ಲದ ಚೂರೊಂದು ಹೀಗೆ ಗುಡಿಸಿ ಒಟ್ಟುಮಾಡುವ ವಿಡಿಯೊ ನೋಡಿದಾಗ ನನಗೆ ಮಾತು ಹೊರಡಲಿಲ್ಲ.

ಈಗ ಸೋರಿಕೆಯ ಮಾತಿಗೆ ಮರಳುತ್ತೇನೆ. ಉರಿಯೂತ ಇದ್ದಲ್ಲಿ ಮಾತ್ರ ಸೋರುತ್ತದೆ ಎಂದೆನಲ್ಲ, ಕಾರಣ ಏನು? ನ್ಯೂಟ್ರೋಫಿಲ್‌ಗಳು ಗಾಳಿಗೂಡು ತಲಪಬೇಕಾದರೆ ನಾಳದ ಗೋಡೆಯನ್ನು ತೂರಿಕೊಂಡು ಹೋಗಬೇಕು, ತೂರಿದಲ್ಲಿ ಕಂಡಿ ಬೀಳುತ್ತದೆ. ಗದ್ದೆಗೆ ನೀರು ಬಿಡಲು ಬದುವಿನಲ್ಲಿ ಕಂಡಿ ತೆಗೆದವನ ಹಿಂದೆಯೇ ಇನ್ನೊಬ್ಬ ಹಿಡಿ ಕೆಸರು ಹಿಡಿದು ನಿಂತಿರದಿದ್ದರೆ ಬದುವೇ ಕೊಚ್ಚಿಹೋಗುತ್ತದೆ. ಆ ಎರಡನೆಯವನ ಕೆಲಸ ಪ್ಲೇಟ್‌ಲೆಟ್‌ನದು. 2008ರಲ್ಲಿ ಬಾಸ್ಟನ್ನಿನ ಡೆನಿಸಾ ವಾಗ್ನರ್ ಅವರ ಪ್ರಯೋಗಾಲಯ, ಪ್ಲೇಟ್‌ಲೆಟ್ ಇಲ್ಲದ ಇಲಿಗಳಲ್ಲಿ ಚರ್ಮ, ಮಿದುಳು, ಶ್ವಾಸಕೋಶ, ಹೀಗೆ ಉರಿಯೂತ ಎಬ್ಬಿಸಿದ ಜಾಗದಲ್ಲೆಲ್ಲ ರಕ್ತ ಸೋರುವುದನ್ನು ದಾಖಲಿಸಿತು. ಸಹಜ ಸಂಖ್ಯೆಯ ನೂರಕ್ಕೆ 10-15 ಭಾಗ ಉಳಿದಿದ್ದರೂ ಸೋರಿಕೆ ತಡೆಯಲು ಸಾಕಾಗಿತ್ತು. ಗಾಯದಲ್ಲಿ ಆಗುವಂಥ ದೊಡ್ಡ ಗರಣೆ ಇಲ್ಲಿ ಬೇಡ. ಒಂದೊಂದು ಕಂಡಿಗೆ ಒಂದೆರಡು ಪ್ಲೇಟ್‌ಲೆಟ್ ಸಾಕು. ಗರಣೆ ಕಟ್ಟಲು ಬಳಸುವ ಗ್ರಾಹಕಗಳಿಗಿಂತ ಬೇರೆಯೇ ಆದ ಜಿಪಿ-6, ಕ್ಲೆಕ್-2 ಎಂಬ ಗ್ರಾಹಕಗಳು ಇಲ್ಲಿ ಮುಖ್ಯ. ಆಮ್ಸ್ಟರ್‌ಡ್ಯಾಮಿನ ಬಳಗ 2018ರಲ್ಲಿ ಜಿಪಿ-6 ಕ್ಲೆಬ್ಸಿಯೆಲ್ಲಾ ನ್ಯುಮೋನಿಯಾದ ವಿರುದ್ಧ ಶ್ವಾಸಕೋಶದೊಳಗಿನ ರಕ್ಷಣೆಗೂ ನೆರವಾಗುತ್ತದೆ ಎಂದು ಕಂಡುಕೊಂಡಿತು.

ಈ ಎಲ್ಲ ಎಳೆಗಳು ಒಂದಾದದ್ದು 2020ರಲ್ಲಿ, ಮ್ಯೂನಿಕ್‌ನ ಇನ್ನೊಂದು ಅಧ್ಯಯನದಲ್ಲಿ. ಪ್ಲೇಟ್‌ಲೆಟ್ ತೆಳುವಾದ ಅಂಚನ್ನು ಚಾಚಿ, ನಾಳದ ಗೋಡೆಗೆ ಅಂಟಿದ ಫೈಬ್ರಿನೋಜನ್ ಎಲ್ಲಿ ಹೆಚ್ಚಿದೆಯೋ ಅತ್ತ ತೆವಳುತ್ತದೆ. ಆ ಅಂಚನ್ನು ಚಾಚಲಾಗದಂತೆ ಒಂದು ಪ್ರೋಟೀನ್ ಸಂಕೀರ್ಣವನ್ನು ತೆಗೆದುಹಾಕಿದ ಇಲಿಗಳಲ್ಲಿ ಪ್ಲೇಟ್‌ಲೆಟ್‌ಗಳ ಸಂಚಾರ ಕುಂಟಿತು. ಆಗ ಕೆಟ್ಟದ್ದು ಒಂದಲ್ಲ, ಎರಡು: ಉರಿಯೂತವಾದಲ್ಲಿ ಸೂಕ್ಷ್ಮ ರಕ್ತಸ್ರಾವ ಆಯಿತು, ಬ್ಯಾಕ್ಟೀರಿಯಾಗಳು ಹಿಡಿತಕ್ಕೆ ಸಿಗದೆ ರಕ್ತದ ಮೂಲಕ ಹಬ್ಬಿದವು. ಒಂದೇ ನಡಿಗೆ, ಅದರ ಕೊನೆಯಲ್ಲಿ ಕಂಡಿಯೂ ಮುಚ್ಚುತ್ತದೆ, ರೋಗಾಣುವೂ ಸೆರೆಯಾಗುತ್ತದೆ. ಆರಂಭದಲ್ಲಿ ಎರಡು ಬೇರೆ ಕೆಲಸಗಳಲ್ಲ ಎಂದು ನಾನು ಹೇಳಿದ್ದಕ್ಕೆ ಆಧಾರ ಇದು.

ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂತಿಲ್ಲ. ನ್ಯುಮೊಕಾಕಸ್ ಬಿಡುವ ನ್ಯುಮೊಲೈಸಿನ್, ಸ್ಟಫೈಲೊಕಾಕಸ್ ಆರಿಯಸ್ ಬಿಡುವ ಆಲ್ಫಾ ಟಾಕ್ಸಿನ್, ಇವೆರಡೂ ಪ್ಲೇಟ್‌ಲೆಟ್‌ನ ಪೊರೆಯಲ್ಲಿ ರಂಧ್ರ ಕೊರೆದು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಂದ ಮೇಲೂ ಈ ವಿಷಗಳು ಉಳಿಯಬಹುದು ಎನ್ನುವುದು ಚಿಕಿತ್ಸೆಯ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಇಷ್ಟೆಲ್ಲ ಕೇಳಿದ ಮೇಲೆ, ಪ್ಲೇಟ್‌ಲೆಟ್ ಹೆಚ್ಚಿದಷ್ಟೂ ಒಳ್ಳೆಯದು, ಇಳಿದರೆ ಕೂಡಲೇ ಏರಿಸಬೇಕು ಎಂದು ಯಾರಿಗಾದರೂ ಅನಿಸಿದರೆ ಅದನ್ನು ನಾನು ಬಲವಾಗಿ ತಡೆಯಲು ಬಯಸುತ್ತೇನೆ. ಬಲೆ, ಗರಣೆ, ಉರಿಯೂತ ಅಳತೆ ಮೀರಿದರೆ ಶ್ವಾಸಕೋಶದ ಲೋಮನಾಳಗಳೇ ಕಟ್ಟಿಕೊಳ್ಳುತ್ತವೆ, ಗಾಳಿಗೂಡುಗಳಿಗೆ ನೀರು ತುಂಬುತ್ತದೆ. ತೀವ್ರ ನಿಗಾ ಘಟಕಗಳಲ್ಲಿ ಎಆರ್‌ಡಿಎಸ್ ಎಂದು ಕರೆಯುವ ಸ್ಥಿತಿಯಲ್ಲಿ ಇದರ ಪಾಲು ದೊಡ್ಡದು.

ಹಾಗಾದರೆ ಪ್ಲೇಟ್‌ಲೆಟ್‌ಗಳನ್ನು ತುಸು ತಣಿಸಿದರೆ? ಆಸ್ಪಿರಿನ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಎಆರ್‌ಡಿಎಸ್ ಅಪಾಯವಿದ್ದವರಿಗೆ ಆಸ್ಪಿರಿನ್ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ. ಆಸ್ಟ್ರೇಲಿಯಾದಲ್ಲಿ 16,000ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಅಧ್ಯಯನದಲ್ಲೂ, ಸೋಂಕು ಮೈಯೆಲ್ಲ ಕೆಡಿಸುವ ಸೆಪ್ಸಿಸ್‌ನಿಂದಾಗುವ ಸಾವು ಆಸ್ಪಿರಿನ್‌ನಿಂದ ತಗ್ಗಲಿಲ್ಲ ಎಂದು 2020ರಲ್ಲಿ ಪ್ರಕಟವಾಯಿತು. ಹೃದಯಾಘಾತದವರಿಗೆ ಕೊಡುವ ಟಿಕಾಗ್ರೆಲಾರ್ ಎಂಬ ಔಷಧದ ಕತೆ ಸ್ವಲ್ಪ ಬೇರೆ. ದೊಡ್ಡ ಹೃದ್ರೋಗ ಪ್ರಯೋಗವೊಂದರ ದಾಖಲೆಗಳನ್ನು ಮತ್ತೆ ಜಾಲಾಡಿದಾಗ, ಅದೇ ಬಗೆಯ ಕ್ಲೊಪಿಡೊಗ್ರೆಲ್ ಪಡೆದವರಿಗಿಂತ ಟಿಕಾಗ್ರೆಲಾರ್ ಪಡೆದವರಲ್ಲಿ ಸೋಂಕಿನ ಸಾವು ಕಡಿಮೆ ಇತ್ತು. ಅಮೆರಿಕದಲ್ಲಿ 60 ನ್ಯುಮೋನಿಯಾ ರೋಗಿಗಳ ಮೇಲೆ ನಡೆದ ಸಣ್ಣ ಪ್ರಯೋಗವೂ ಆಶಾದಾಯಕ ಸೂಚನೆ ಕೊಟ್ಟಿತು. ಅಷ್ಟರಿಂದ ಚಿಕಿತ್ಸೆ ಬದಲಿಸಲಾಗದು. ಆದರೆ ಆಸ್ಪಿರಿನ್ ಸೋತ ಮಾತ್ರಕ್ಕೆ ದಾರಿ ಮುಚ್ಚಿತು ಎಂದೂ ಅಲ್ಲ. ಗರಣೆ ಕಟ್ಟುವ ಗ್ರಾಹಕ ಬೇರೆ, ಕಂಡಿ ಮುಚ್ಚುವ ಗ್ರಾಹಕ ಬೇರೆ ಎಂದು ಆಗಲೇ ನೋಡಿದೆವು. ಮೊದಲಿನದನ್ನು ತಣಿಸಿ ಎರಡನೆಯದನ್ನು ಮುಟ್ಟದೆ ಬಿಡುವ ಔಷಧ ಬೇಕು, ಅದು ಅಸಾಧ್ಯವಾದದ್ದೇನಲ್ಲ.

ಪ್ಲೇಟ್‌ಲೆಟ್ ಏರಿಸುವ ಮಾತೂ ಅಷ್ಟೇ ಎಚ್ಚರದ್ದು. ಸಿಂಗಪುರ, ಮಲೇಷ್ಯಾಗಳಲ್ಲಿ ಡೆಂಗಿಯಿಂದ ಕೌಂಟ್ 20,000ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದ, ಆದರೆ ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುನ್ನೆಚ್ಚರಿಕೆಯೆಂದು ಪ್ಲೇಟ್‌ಲೆಟ್ ಏರಿಸಿ ನೋಡಿದರು. ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮಗಳು ಹೆಚ್ಚಿದವು. ಅದು 2017ರ ವರದಿ. 2019ರಲ್ಲಿ ಬ್ರಿಟನ್, ಐರ್ಲೆಂಡ್, ನೆದರ್‌ಲೆಂಡ್ಸ್‌ಗಳ 660 ಅವಧಿಪೂರ್ವ ಶಿಶುಗಳ ಅಧ್ಯಯನ ಬಂತು. 25,000ಕ್ಕೆ ಇಳಿದಾಗ ಏರಿಸಿದ ಗುಂಪಿಗಿಂತ, 50,000ಕ್ಕೆ ಇಳಿದಾಗಲೇ ಏರಿಸಿದ ಗುಂಪಿನಲ್ಲಿ ಸಾವು ಅಥವಾ ತೀವ್ರ ರಕ್ತಸ್ರಾವ ಹೆಚ್ಚಾಗಿತ್ತು. ಪ್ಲೇಟ್‌ಲೆಟ್ ಉರಿಯೂತವನ್ನೂ ನಡೆಸುವ ಕೋಶ ಎಂಬುದನ್ನು ಮರೆತು ಸಂಖ್ಯೆಯೊಂದನ್ನೇ ಬೆನ್ನಟ್ಟಿದರೆ ಆಗುವ ಹಾನಿ ಇದು. ನಮ್ಮೂರಿನ ರಕ್ತನಿಧಿಗಳ ಮುಂದೆ ರಾತ್ರಿಯಿಡೀ ಅಲೆಯುವ ಕುಟುಂಬಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಆ ಅಲೆದಾಟದಲ್ಲಿ ಎಷ್ಟೋ ಅನಗತ್ಯ. ವೈದ್ಯರು ಬೇಡವೆಂದರೆ ಅದು ನಿರ್ಲಕ್ಷ್ಯವಲ್ಲ ಎಂದು ಜನ ತಿಳಿಯಬೇಕು, ತಿಳಿಹೇಳುವ ತಾಳ್ಮೆ ವೈದ್ಯರಿಗೂ ಬೇಕು.

ವಿದ್ಯಾರ್ಥಿಗಳಿಗೆಂದು ಒಂದು ಮಾತು ಉಳಿದಿದೆ. ನ್ಯುಮೋನಿಯಾ ರೋಗಿ ದಾಖಲಾದ ದಿನವೇ ಮಾಡುವ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಬಿಳಿ ಕಣಗಳ ಸಂಖ್ಯೆಗೆ. ಅಮೆರಿಕದಲ್ಲಿ ಆಸ್ಪತ್ರೆಗೆ ದಾಖಲಾದ ನ್ಯುಮೋನಿಯಾ ರೋಗಿಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಲೇಟ್‌ಲೆಟ್ ಸಂಖ್ಯೆ ಸಹಜಕ್ಕಿಂತ ಕಡಿಮೆ ಇದ್ದವರಲ್ಲೂ ಹೆಚ್ಚು ಇದ್ದವರಲ್ಲೂ ಸಾವಿನ ಅಪಾಯ ಏರಿತ್ತು. ಸೆಪ್ಸಿಸ್‌ನ ತೀವ್ರತೆ ಅಳೆಯುವ ಸೋಫಾ ಅಂಕಪಟ್ಟಿಯಲ್ಲೂ ಪ್ಲೇಟ್‌ಲೆಟ್‌ಗೆ ಸ್ಥಾನವಿದೆ. ಒಂದೂವರೆ ಲಕ್ಷಕ್ಕಿಂತ ಇಳಿದರೆ ಒಂದು ಅಂಕ, 20,000ಕ್ಕಿಂತ ಇಳಿದರೆ ನಾಲ್ಕು. ಒಂದು ದಿನದ ಸಂಖ್ಯೆಗಿಂತ ಮೂರು ನಾಲ್ಕು ದಿನಗಳ ಏರಿಳಿತ ಹೆಚ್ಚು ಹೇಳುತ್ತದೆ. ಜ್ವರ ಇಳಿಯುತ್ತಿದ್ದರೂ ಪ್ಲೇಟ್‌ಲೆಟ್ ಇಳಿಯುತ್ತಲೇ ಇದ್ದರೆ ಸೋಂಕು ರಕ್ತಕ್ಕೆ ಹಬ್ಬಿದೆಯೇ, ಹೆಪಾರಿನ್ ಅಥವಾ ಬೇರೆ ಔಷಧ ಕಾರಣವೇ ಎಂದು ಹುಡುಕಬೇಕು. ಮಕ್ಕಳಲ್ಲಿ ನ್ಯುಮೋನಿಯಾದೊಂದಿಗೆ ಎದೆಗೂಡಿನಲ್ಲಿ ಕೀವು ತುಂಬಿದಾಗ ಎರಡನೆಯ ವಾರದಲ್ಲಿ ಸಂಖ್ಯೆ ತುಂಬ ಏರುವುದುಂಟು. ಉರಿಯೂತದ ಸಂಕೇತಗಳಿಗೆ ಸ್ಪಂದಿಸಿ ಯಕೃತ್ತು ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸಿ ಅಸ್ಥಿಮಜ್ಜೆಯನ್ನು ಚುರುಕುಗೊಳಿಸುವುದು ಇದಕ್ಕೆ ಕಾರಣ. ಪೋಷಕರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಪ್ರತ್ಯೇಕ ಔಷಧ ಬೇಕಾಗುವುದಿಲ್ಲ, ಕೀವು ಹೊರಹೋಗಿ ಸೋಂಕು ವಾಸಿಯಾದ ಮೇಲೆ ಕೆಲವು ವಾರಗಳಲ್ಲಿ ಸಂಖ್ಯೆ ತಾನಾಗಿ ಸಹಜಕ್ಕೆ ಬರುತ್ತದೆ.